ಹೊಳಪು ಜಾಸ್ತಿಯಾಯ್ತು

ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಅಡುಗೆಮನೆಗೆ ಮೊದಲು ಬಂದವರು ಹಾಡು ಹಾಕಬೇಕು, ಕೊನೆಗೆ ಬಂದವರು ಕಾಯಿ ತುರಿಯಬೇಕು. ಆವತ್ತು ಅಪರೂಪಕ್ಕೆ ನಾನೇ ಮೊದಲು ಬಂದಿದ್ದೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ದೋಸೆ ಹೆಂಚು ಕಾಯುವುದನ್ನು ನೋಡುತ್ತಾ ನಿಂತಿದ್ದೆ. ಫೋನು ತನ್ನ ಪಾಡಿಗೆ ತಾನು ಒಂದರ ಹಿಂದೆ ಒಂದು ಹಾಡು ಹಾಕುತ್ತಾ ಹೋಗಿ, ಯಾವುದೋ ಗಳಿಗೆಯಲ್ಲಿ ಅಮೆರಿಕದ ಗಾಯಕಿ ಶೆಲ್ಬಿ ಲಿನ್ ಹಾಡತೊಡಗಿದಳು. 2001ರ ಆಲ್ಬಂ. ಹೆಸರು 'ಲವ್, ಶೆಲ್ಬಿ'. ನಾನು ಕೈ ಒರೆಸಿಕೊಂಡು, ಮುಂದಿನ ಹಾಡಿಗೆ ಹೋಗೋಣ ಅಂತ ಬೆರಳು ಚಾಚಿದೆ.

"ಇರ್ಲಿ ಬಿಡಿ, ಚೆನ್ನಾಗಿದೆ," ಅಂದಳು ಹೆಂಡತಿ. "ಬ್ರಿಜೆಟ್ ಜೋನ್ಸ್ ಸಿನಿಮಾದ್ದು ಅಲ್ವಾ ಇದು?"

ಹೌದು, ಅದೇ ಹಾಡು. ಆದರೂ ನಾನು ಸುಮ್ಮನಿರಲಿಲ್ಲ. "ಈ ಆಲ್ಬಂ ಅಷ್ಟು ಚೆನ್ನಾಗಿಲ್ಲ. ಬಂದಾಗ ಎಲ್ಲರೂ ಬೈದಿದ್ರು."

"ಎಲ್ಲರೂ ಅಂದ್ರೆ ಯಾರು?"

ಎಲ್ಲರೂ ಅಂದರೆ, ಯೋಚಿಸಿ ನೋಡಿದರೆ, ಮುಖ್ಯವಾಗಿ ನನ್ನ ಹಳೇ ರೂಂಮೇಟು. ಆಮೇಲೆ ಒಂದಷ್ಟು ಪತ್ರಿಕೆಯವರು. ಅವರಲ್ಲೂ ಕೆಲವರು ಬೈದಿರಲಿಲ್ಲ, ಪರವಾಗಿಲ್ಲ ಅಂದಿದ್ದರು. ಒಬ್ಬಿಬ್ಬರು ಹೊಗಳಿಯೂ ಇದ್ದರು. ಹೊಗಳಿದ್ದು ಯಾರಿಗೆ ನೆನಪಿರುತ್ತದೆ? ಮದುವೆ ಊಟದಲ್ಲಿ ಹೋಳಿಗೆ ಹೇಗಿತ್ತು ಅನ್ನುವುದು ಮರೆತುಹೋಗಿ, ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಅನ್ನುವುದು ಇಪ್ಪತ್ತು ವರ್ಷ ಉಳಿದುಕೊಳ್ಳುತ್ತದೆ.

2000ನೇ ಇಸವಿಯಲ್ಲಿ ಬೆಂಗಳೂರಿನಿಂದ ಹಿಂಡುಹಿಂಡಾಗಿ ಅಮೆರಿಕಕ್ಕೆ ಹೋದ ಸಾಫ್ಟ್‌ವೇರ್ ಹುಡುಗರಲ್ಲಿ ನಾವಿಬ್ಬರೂ ಇದ್ದೆವು. ಜೊತೆಯವರಿಗೆಲ್ಲ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಸಿಕ್ಕಿತು. ನಮಗೆ ಸಿಕ್ಕಿದ್ದು ಅಲಬಾಮಾದ ಬರ್ಮಿಂಗ್‌ಹ್ಯಾಮ್. ಮನೆಗೆ ಫೋನ್ ಮಾಡಿ ಬರ್ಮಿಂಗ್‌ಹ್ಯಾಮ್ ಅಂದರೆ ಅಪ್ಪ ಇಂಗ್ಲೆಂಡ್ ಅಂದುಕೊಂಡು ಖುಷಿಪಟ್ಟಿದ್ದರು. ಇಲ್ಲಿ ನೋಡಿದರೆ ಕೆಂಪು ಮಣ್ಣು, ಹತ್ತಿ ಹೊಲ, ಬೀದಿಗೊಂದು ಚರ್ಚು. ಮಣ್ಣಿನ ಬಣ್ಣವೊಂದು ಕೋಲಾರದ ಕಡೆ ನೆನಪು ತರುತ್ತಿತ್ತು. ಮಿಕ್ಕಿದ್ದೆಲ್ಲ ಬೇರೆ.

ರೂಂಮೇಟು ಹಾಸನದವನು. ಊಟದಲ್ಲಿ, ಬಟ್ಟೆಯಲ್ಲಿ, ಯಾವುದರಲ್ಲೂ ತಕರಾರು ಇಲ್ಲದ ಮನುಷ್ಯ. ಸಂಗೀತದಲ್ಲಿ ಮಾತ್ರ ಕಡು ಮಡಿವಂತ. ಜನಪದ ಗೀತೆಗೆ ಕೀಬೋರ್ಡ್ ಸೇರಿಸಿದ್ದಾರೆ ಅಂತ ಅಂಗಡಿಗೆ ಹೋಗಿ ಕ್ಯಾಸೆಟ್ ವಾಪಸ್ ಕೊಟ್ಟು ಬಂದವನು. ಅಂಥವನಿಗೆ ಅಲಬಾಮಾದಲ್ಲಿ ಸೆಕೆಂಡ್ ಹ್ಯಾಂಡ್ ಸಿಡಿ ಗುಡ್ಡೆಯೊಂದರಲ್ಲಿ 'ಐ ಆ್ಯಮ್ ಶೆಲ್ಬಿ ಲಿನ್' ಸಿಕ್ಕಿತು. ಹತ್ತು ಹಾಡು, ನಲವತ್ತು ನಿಮಿಷವೂ ಇಲ್ಲ. ಆ ಬೇಸಿಗೆಯಲ್ಲಿ ನಮ್ಮ ಹಳೇ ಕಾರಿನಲ್ಲಿ ಅದು ಎಷ್ಟು ಸಲ ತಿರುಗಿತೋ ಲೆಕ್ಕವಿಲ್ಲ.

ಆ ಹಾಡುಗಾರಿಕೆಗೆ ಅಲ್ಲಿಯವರು ಕಂಟ್ರಿ ಸೋಲ್ ಅನ್ನುತ್ತಾರೆ. ಕಂಟ್ರಿ ಅಂದರೆ ಬಿಳಿಯರ ಹಳ್ಳಿ ಹಾಡು, ಸೋಲ್ ಅಂದರೆ ಕರಿಯರ ಚರ್ಚಿನಿಂದ ಹೊರಬಂದ ಹಾಡು ಅಂತ ಸಾಮಾನ್ಯವಾಗಿ ಹೇಳುವುದು. ನಿಜಕ್ಕೂ ಇದು ಅಂಗಡಿಯವರು ಮಾಡಿದ ಪಾಲು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಒಂದೇ ಊರಿನ ಹಾಡುಗಳನ್ನು ಕರಿಯರಿಗೊಂದು ಪಟ್ಟಿ, ಬಿಳಿಯರಿಗೊಂದು ಪಟ್ಟಿ ಅಂತ ಬೇರೆ ಬೇರೆ ಮಾಡಿ ಮಾರಿದವು. ಹಾಡುವವರು ಬೇಲಿ ಆಚೆಯಿಂದ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಲೇ ಇದ್ದರು. ಶೆಲ್ಬಿಯ ದನಿಯಲ್ಲಿ ಆ ಬೇಲಿ ಎಲ್ಲಿತ್ತು ಅಂತ ಹುಡುಕಿದರೂ ಸಿಗುವುದಿಲ್ಲ. ಸಾಲು ಶುರುವಾಗುವುದು ತೋಟದ ಮನೆಯಲ್ಲಿ, ಮುಗಿಯುವುದು ಚರ್ಚಿನಲ್ಲಿ. ನಡುವೆ ಒಂದು ಕಡೆ ದನಿ ಸ್ವಲ್ಪ ಒಡೆಯುತ್ತದೆ. ಆ ಒಡಕಿಗೆ ನಮ್ಮ ರೂಂಮೇಟು ಮನಸೋತಿದ್ದ. ಸಿಗ್ನಲ್ ಬಿಟ್ಟರೂ ಗಾಡಿ ತೆಗೆಯದೆ "ಈಗ ಬರುತ್ತೆ ಕೇಳು, ಈಗ" ಅನ್ನುತ್ತಿದ್ದ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿದ್ದರು. ಅಮೆರಿಕದಲ್ಲಿ ಹಾರ್ನ್ ಹೊಡೆಯುವುದಿಲ್ಲ ಅನ್ನುವುದು ಸುಳ್ಳು, ಅವನ ಜೊತೆ ಒಂದು ಸಲ ಪ್ರಯಾಣ ಮಾಡಿ ನೋಡಬೇಕಿತ್ತು.

ಶೆಲ್ಬಿ ಹುಟ್ಟಿದ್ದು 1968ರಲ್ಲಿ, ವರ್ಜೀನಿಯಾದಲ್ಲಿ. ಬೆಳೆದದ್ದು ಅಲಬಾಮಾದಲ್ಲಿ. ಹಾಗಾಗಿ ಅಲಬಾಮಾಕ್ಕೆ ಬಂದು ಎಂಟು ತಿಂಗಳಾಗಿದ್ದ ನಮ್ಮ ಹಾಸನದವನು ಅವಳನ್ನು "ನಮ್ಮೂರ ಹುಡುಗಿ" ಅನ್ನತೊಡಗಿದ.

ಹುಡುಗಿ ಆ ಹೊತ್ತಿಗೆ ಹನ್ನೆರಡು ವರ್ಷದಿಂದ ಹಾಡುತ್ತಿದ್ದಳು. ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್‌ಗೆ ಹೋಗಿ 1989ರಲ್ಲಿ ಮೊದಲ ಆಲ್ಬಂ ಮಾಡಿದ್ದಳು. ಕಂಟ್ರಿ ಸಂಗೀತದ ಅಕಾಡೆಮಿಯವರು 1990ರ ಹೊಸ ಗಾಯಕಿ ಅಂತ ಪ್ರಶಸ್ತಿಯನ್ನೂ ಕೊಟ್ಟಿದ್ದರು. ಆಮೇಲೆ ಒಂದರ ಮೇಲೊಂದು ಆಲ್ಬಂ, ಒಬ್ಬರಾದ ಮೇಲೊಬ್ಬರು ನಿರ್ಮಾಪಕರು. ಅಲ್ಲಿ ನಿರ್ಮಾಪಕ ಅಂದರೆ ಹಾಡು ಹೇಗೆ ಕೇಳಿಸಬೇಕು ಅಂತ ತೀರ್ಮಾನಿಸುವವನು. ಒಬ್ಬರು ಕೂದಲು ಹೀಗೆ ಇರಲಿ ಅಂದರೆ ಇನ್ನೊಬ್ಬರು ಹಾಡು ಹಾಗೆ ಇರಲಿ ಅನ್ನುವ ಊರು ಅದು. ಕೊನೆಗೆ ಬೇಸತ್ತು ನ್ಯಾಶ್‌ವಿಲ್ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಬಿಲ್ ಬಾಟ್ರೆಲ್ ಅನ್ನುವ ನಿರ್ಮಾಪಕನ ಜೊತೆ ಕೂತು ಮಾಡಿದ್ದೇ 'ಐ ಆ್ಯಮ್ ಶೆಲ್ಬಿ ಲಿನ್'. ಬ್ರಿಟನ್ನಿನಲ್ಲಿ 1999ರಲ್ಲಿ ಬಂತು, ಅಮೆರಿಕದಲ್ಲಿ 2000ದ ಜನವರಿಯಲ್ಲಿ. ಹೆಸರಿನಲ್ಲೇ ಒಂದು ಸಿಟ್ಟಿದೆ ನೋಡಿ. ಇದುವರೆಗೆ ನೀವು ನೋಡಿದ್ದು ನಾನಲ್ಲ, ಇವಳು ನಾನು ಅಂದ ಹಾಗೆ.

2001ರ ಫೆಬ್ರುವರಿಯಲ್ಲಿ ಗ್ರ್ಯಾಮಿಯವರು ಅವಳಿಗೆ ಹೊಸ ಕಲಾವಿದೆ ಪ್ರಶಸ್ತಿ ಕೊಟ್ಟರು. ಹತ್ತು ವರ್ಷದ ಅಂತರದಲ್ಲಿ ಎರಡು ಸಲ ಹೊಸಬಳಾಗುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ. ಇಲ್ಲಿಗೆ ಬರಲು ಹದಿಮೂರು ವರ್ಷ, ಆರು ಆಲ್ಬಂ ಬೇಕಾಯಿತು ಅಂತ ವೇದಿಕೆಯ ಮೇಲೇ ಹೇಳಿದಳು. ನಾವು ಬಾಡಿಗೆ ಮನೆಯ ಕಾರ್ಪೆಟ್ ಮೇಲೆ ಕೂತು ಟಿವಿ ನೋಡುತ್ತಿದ್ದೆವು. ರೂಂಮೇಟು ಎದ್ದು ಹೋಗಿ ಕೇಸರಿಬಾತ್ ಮಾಡಿದ.

ಆ ಕೇಸರಿಬಾತೇ ಮುಳುವಾಯಿತು ಅಂತ ಈಗ ಅನಿಸುತ್ತದೆ. ಪ್ರಶಸ್ತಿ ಬರದೇ ಇದ್ದಿದ್ದರೆ ಮುಂದಿನ ಆಲ್ಬಂ ಬಗ್ಗೆ ನಾವು ಅಷ್ಟೊಂದು ಆಸೆ ಇಟ್ಟುಕೊಳ್ಳುತ್ತಿರಲಿಲ್ಲ. ಕಂಪನಿಯವರೂ ಇಟ್ಟುಕೊಳ್ಳುತ್ತಿರಲಿಲ್ಲ.

2001ರ ನವೆಂಬರ್ 13, ಮಂಗಳವಾರ. ಸೆಪ್ಟೆಂಬರ್ 11 ಆಗಿ ಎರಡು ತಿಂಗಳು. ಪ್ರಾಜೆಕ್ಟುಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಪ್ರತಿ ಶುಕ್ರವಾರ ಯಾರೋ ಒಬ್ಬರು ರಟ್ಟಿನ ಪೆಟ್ಟಿಗೆಯಲ್ಲಿ ಸಾಮಾನು ತುಂಬಿಕೊಂಡು ಲಿಫ್ಟಿಗೆ ಕಾಯುತ್ತಿದ್ದರು. ಅಂಥ ದಿನಗಳಲ್ಲಿ ಹೊಸ ಸಿಡಿಗೆ ಪೂರ್ತಿ ಬೆಲೆ ಕೊಡುವುದು ದುಂದು. ಇಬ್ಬರೂ ಅರ್ಧರ್ಧ ಹಾಕಿ ಕೊಂಡೆವು. ಮೇಲಿನ ಪ್ಲಾಸ್ಟಿಕ್ಕನ್ನು ಕಾರಿನ ಬೀಗದ ಕೈಯಿಂದ ಕಿತ್ತು, ಪಾರ್ಕಿಂಗಿನಲ್ಲೇ ಹಾಕಿ ಕೇಳಿದೆವು.

ಮೊದಲ ಹಾಡು ಮುಗಿಯಿತು. ಎರಡನೆಯದು ಮುಗಿಯಿತು. ಗಿಟಾರ್ ಮೇಲೆ ಗಿಟಾರ್, ಅದರ ಮೇಲೆ ಒಂದೇ ಸಮ ತಿರುಗುವ ಡ್ರಂ ಲೂಪು, ಪಲ್ಲವಿ ಬಂದಾಗ ಶೆಲ್ಬಿಯ ಹಿಂದೆ ಇನ್ನೂ ನಾಲ್ಕು ಶೆಲ್ಬಿಯರು. ಎಲ್ಲವೂ ಫಳಫಳ. ರೂಂಮೇಟು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದ. ನಾಲ್ಕನೇ ಹಾಡಿಗೆ ಬಾಯಿ ಬಿಟ್ಟ.

"ಹೊಳಪು ಜಾಸ್ತಿಯಾಯ್ತು ಕಣೋ."

ಹೊಳಪು ಅಂದರೇನು ಅಂತ ಆಗ ಅವನನ್ನು ಕೇಳಿದ್ದರೆ ಹೊಡೆದೇಬಿಡುತ್ತಿದ್ದನೋ ಏನೋ. ಆಮೇಲೆ ನಾನೇ ಅಷ್ಟಿಷ್ಟು ತಿಳಿದುಕೊಂಡೆ. ಸ್ಟುಡಿಯೋದಲ್ಲಿ ಒಂದೇ ಹಾಡನ್ನು ಹತ್ತು ಸಲ ಹಾಡಿಸುತ್ತಾರೆ. ಮೂರನೇ ಸಲದ ಮೊದಲ ಸಾಲು, ಏಳನೇ ಸಲದ ಎರಡನೇ ಸಾಲು, ಹೀಗೆ ಚೆನ್ನಾಗಿ ಬಂದದ್ದನ್ನು ಆರಿಸಿ ಹೊಲಿಯುತ್ತಾರೆ. ಕೌದಿ ಹೊಲಿದ ಹಾಗೆ, ಆದರೆ ಹೊಲಿಗೆ ಕಾಣಬಾರದು. ಆಮೇಲೆ ಅದೇ ಸಾಲನ್ನು ಮತ್ತೆ ಹಾಡಿಸಿ ಮೊದಲಿನದರ ಮೇಲೆ ಕೂರಿಸಿ ದನಿಯನ್ನು ದಪ್ಪ ಮಾಡುತ್ತಾರೆ. ಕೊನೆಯಲ್ಲಿ ಕಂಪ್ರೆಷನ್ ಅಂತ ಒಂದಿದೆ. ಜೋರಾಗಿ ಹಾಡಿದ್ದನ್ನು ತಗ್ಗಿಸಿ, ಮೆಲ್ಲಗೆ ಹಾಡಿದ್ದನ್ನು ಎತ್ತಿ, ಎರಡನ್ನೂ ಹತ್ತಿರ ಹತ್ತಿರ ತಂದು ನಿಲ್ಲಿಸುವುದು. ಇದಕ್ಕೊಂದು ಕಾರಣವಿದೆ. ಹಾಡನ್ನು ಕೇಳುವುದು ಕಾರಿನಲ್ಲಿ, ಅಡುಗೆಮನೆಯಲ್ಲಿ, ಮಿಕ್ಸಿ ಪಕ್ಕದಲ್ಲಿ. ಪಿಸುಮಾತು ಪಿಸುಮಾತಾಗಿಯೇ ಇದ್ದರೆ ಮಿಕ್ಸಿ ಅದನ್ನು ನುಂಗಿಹಾಕುತ್ತದೆ.

ಹೀಗೆಲ್ಲ ಮಾಡಿದ ಮೇಲೆ ಕಳೆದುಹೋಗುವುದು ಏನು? ನಮ್ಮ ರೂಂಮೇಟು ಸಿಗ್ನಲಿನಲ್ಲಿ ಕಾಯುತ್ತಿದ್ದ ಆ ಒಡಕು. ಹೊಲಿಗೆ ಹಾಕುವವನ ಕಣ್ಣಿಗೆ ಅದು ಮೊದಲು ಬೀಳುತ್ತದೆ. ಇನ್ನೊಂದು, ಉಸಿರು. ಹಳೇ ಆಲ್ಬಮ್ಮಿನಲ್ಲಿ ಎರಡು ಸಾಲಿನ ನಡುವೆ ಅವಳು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು, ಪಕ್ಕದ ಸೀಟಿನಲ್ಲೇ ಕೂತ ಹಾಗೆ. ಹೊಸದರಲ್ಲಿ ಅಂಥ ಜಾಗಗಳನ್ನೆಲ್ಲ ಗಿಟಾರು ತುಂಬಿಕೊಂಡುಬಿಟ್ಟಿತ್ತು.

ನನಗೆ ಅಜ್ಜಿ ಮನೆಯ ಕಲಾಯಿಯವನು ನೆನಪಾಗುತ್ತಾನೆ. ಬೇಸಿಗೆಯಲ್ಲಿ ಬಂದು ಅಂಗಳದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ನವಸಾಗರ ಹಾಕಿ ಹೊಗೆ ಎಬ್ಬಿಸಿ, ತವರದ ತುಂಡನ್ನು ಸುಡುವ ಪಾತ್ರೆಗೆ ಮುಟ್ಟಿಸಿ ಬಟ್ಟೆಯಿಂದ ಒಂದು ಸುತ್ತು ಒರೆಸಿದರೆ ಕಪ್ಪು ತಪ್ಪಲೆಯೊಳಗೆ ಬೆಳ್ಳಿ ಹರಿದ ಹಾಗೆ ಆಗುತ್ತಿತ್ತು. ಮಕ್ಕಳಾದ ನಮಗೆ ಅದು ಬರೀ ಹೊಳಪು. ಅಜ್ಜಿಗೆ ಹಾಗಲ್ಲ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಮಾಡಿದರೆ ಕಿಲುಬು ಬರುತ್ತದೆ, ಆ ಹುಳಿ ಉಣ್ಣುವ ಹಾಗಿಲ್ಲ. ಹೊರಗಡೆಗೂ ಕಲಾಯಿ ಹಾಕಲಾ ಅಂತ ಅವನು ಒಂದು ಸಲ ಕೇಳಿದ್ದಕ್ಕೆ ಅಜ್ಜಿ, "ಹೊರಗೆ ಯಾರಪ್ಪ ಉಣ್ಣೋದು?" ಅಂದಿದ್ದರು.

ರೂಂಮೇಟಿನ ಸಿಟ್ಟೆಲ್ಲ ಆ ಆಲ್ಬಮ್ಮಿನ ನಿರ್ಮಾಪಕ ಗ್ಲೆನ್ ಬ್ಯಾಲರ್ಡ್ ಮೇಲೆ. ಆ ಮನುಷ್ಯ ಪಾಪ್ ಪಂಡಿತ. ಮೈಕಲ್ ಜಾಕ್ಸನ್‌ಗೆ 'ಮ್ಯಾನ್ ಇನ್ ದ ಮಿರರ್' ಬರೆದ ಇಬ್ಬರಲ್ಲಿ ಒಬ್ಬ. "ಮೈಕಲ್ ಜಾಕ್ಸನ್ ಅಂಗಡಿಯವನನ್ನ ಕರ್ಕೊಂಡು ಬಂದು ನಮ್ಮೂರ ಹುಡುಗಿಗೆ ಬಣ್ಣ ಹಚ್ಚಿದ್ರು," ಅಂತ ವಾರಗಟ್ಟಲೆ ಗೊಣಗಿದ. ಆಮೇಲೆ ಒಂದು ದಿನ ಆಫೀಸಿನಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ನಾನು ಹುಡುಕಿ ನೋಡಿದೆ. ಹಿಂದಿನ ಆಲ್ಬಮ್ಮಿನ ಬಿಲ್ ಬಾಟ್ರೆಲ್, ನಮ್ಮ ಪಾಲಿನ ಅಪ್ಪಟ ನಿರಾಭರಣ ಋಷಿ, ಆತನೂ ಮೈಕಲ್ ಜಾಕ್ಸನ್ ಅಂಗಡಿಯವನೇ! 1991ರ 'ಬ್ಲ್ಯಾಕ್ ಆರ್ ವೈಟ್' ಹಾಡಿನ ಸಹ ನಿರ್ಮಾಪಕ. ಇನ್ನೊಂದು ತಮಾಷೆ. ಬಣ್ಣ ಹಚ್ಚುವವನು ಅಂತ ಬೈಸಿಕೊಂಡ ಬ್ಯಾಲರ್ಡ್, 1995ರಲ್ಲಿ ಗಾಯಕಿ ಆಲನಿಸ್ ಮೊರಿಸೆಟ್‌ಳ 'ಜ್ಯಾಗ್ಡ್ ಲಿಟಲ್ ಪಿಲ್' ಆಲ್ಬಂ ಮಾಡಿದ್ದವನು. ಹೆಸರಲ್ಲೇ ಮೊನಚು ಇಟ್ಟುಕೊಂಡ ಆ ಆಲ್ಬಂ 3 ಕೋಟಿಗೂ ಹೆಚ್ಚು ಪ್ರತಿ ಹೋಯಿತು. ಅದನ್ನು ಜನ ಕೊಂಡದ್ದೇ ಹಸಿ ಹಸಿ ಸಿಟ್ಟಿದೆ ಅಂತ.

ಇದನ್ನು ರೂಂಮೇಟಿಗೆ ಹೇಳಿದೆ. ಅವನು ಅವತ್ತು ರಾತ್ರಿ ನನ್ನ ಜೊತೆ ಮಾತಾಡಲಿಲ್ಲ. ಪಾತ್ರೆ ತೊಳೆಯುವ ಸರದಿ ಅವನದಾಗಿತ್ತು, ತೊಳೆಯಲೂ ಇಲ್ಲ.

ಹಾಗೆ ನೋಡಿದರೆ 'ಐ ಆ್ಯಮ್ ಶೆಲ್ಬಿ ಲಿನ್' ಕೂಡ ಎಲ್ಲಿ ನಿರಾಭರಣ? ಮೊದಲ ಹಾಡಿನಲ್ಲೇ ಪಿಟೀಲುಗಳ ದಂಡು, ಗುಡುಗಿನಂಥ ಡ್ರಂ. ಅದನ್ನು ನಾವು ಅಲಂಕಾರ ಅಂದುಕೊಳ್ಳಲಿಲ್ಲ, ಅರವತ್ತರ ದಶಕದ ವಾಸನೆ ಅಂದುಕೊಂಡೆವು. ಹಳೇ ಅಲಂಕಾರ ನಮಗೆ ಅಲಂಕಾರ ಅನಿಸುವುದೇ ಇಲ್ಲ. ಅಜ್ಜಿಯ ಓಲೆ ಮೂಗುತಿ ಸರಳತೆ, ಮಗಳ ಮೂಗುತಿ ಫ್ಯಾಷನ್ನು.

ಆ ಚಳಿಗಾಲದಲ್ಲಿ ನಾವಿಬ್ಬರೂ ಮಸಲ್ ಶೋಲ್ಸ್‌ಗೆ ಹೋಗಿದ್ದೆವು. ಬರ್ಮಿಂಗ್‌ಹ್ಯಾಮ್‌ನಿಂದ ಸುಮಾರು ಎರಡು ಗಂಟೆಯ ದಾರಿ, ಟೆನೆಸಿ ನದಿಯ ದಂಡೆ. ಕಂಟ್ರಿ ಸೋಲ್‌ನವರಿಗೆ ಅದು ಕ್ಷೇತ್ರ ಇದ್ದ ಹಾಗೆ. ರೂಂಮೇಟು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಹೊರಟಿದ್ದ. ಅಲ್ಲಿ ರಿಕ್ ಹಾಲ್ ಕಟ್ಟಿದ ಫೇಮ್ ಸ್ಟುಡಿಯೋ ಇದೆ. ಹೆಸರು ಕೇಳಿ ಏನೇನೋ ಅಂದುಕೊಳ್ಳಬೇಡಿ. ಪಕ್ಕದ ಊರು ಫ್ಲಾರೆನ್ಸ್‌ನಲ್ಲಿ ಒಂದು ಔಷಧಿ ಅಂಗಡಿಯ ಮಹಡಿ ಮೇಲೆ ಶುರುವಾದ ಕಂಪನಿ, ಫ್ಲಾರೆನ್ಸ್ ಅಲಬಾಮಾ ಮ್ಯೂಸಿಕ್ ಎಂಟರ್‌ಪ್ರೈಸಸ್ ಅನ್ನುವುದರ ಮೊದಲಕ್ಷರಗಳು. ಕಟ್ಟಡ ಅವಲಾನ್ ಅವೆನ್ಯೂ ಅನ್ನುವ ರಸ್ತೆಯ ಬದಿಯಲ್ಲಿ ಸಹಕಾರಿ ಸಂಘದ ಗೋಡೌನಿನ ಹಾಗೆ ನಿಂತಿದೆ. 1967ರ ಜನವರಿಯಲ್ಲಿ ಕರಿಯರ ಸೋಲ್ ಗಾಯಕಿ ಅರೀತಾ ಫ್ರ್ಯಾಂಕ್ಲಿನ್ ಅಲ್ಲಿಗೆ ಬಂದು ಹಾಡಿದ್ದು ಒಂದೇ ದಿನ. ರಾತ್ರಿ ಜಗಳವಾಗಿ ವಾಪಸ್ ಹೊರಟುಹೋದಳು. ಆ ಒಂದು ದಿನ ಅವಳ ಹಿಂದೆ ನುಡಿಸಿದವರು ಹೆಚ್ಚಿನವರು ಅಲ್ಲಿಯ ಬಿಳಿ ಹುಡುಗರು. ಆ ನುಡಿಸಾಣಿಕೆ ಬಿಡಲು ಮನಸ್ಸಿಲ್ಲದೆ ಕಂಪನಿಯವರು ಆಮೇಲೆ ಅವರನ್ನೇ ನ್ಯೂಯಾರ್ಕಿಗೆ ಕರೆಸಿಕೊಂಡರು. ರೂಂಮೇಟು ಕಟ್ಟಡದ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿದ. ಕಣ್ಣಿಗೊತ್ತಿಕೊಂಡನೋ ಇಲ್ಲವೋ ನಾನು ನೋಡಲಿಲ್ಲ, ನೋಡಬಾರದು ಅಂತ ಬೇಕೆಂದೇ ತಿರುಗಿ ನಿಂತಿದ್ದೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ವಾದ. ಈ ವಾದ ನಮ್ಮಿಬ್ಬರದು ಮಾತ್ರ ಅಲ್ಲ, ಆ ಸಂಗೀತ ಹುಟ್ಟಿದಾಗಿನಿಂದ ನಡೆದು ಬಂದದ್ದು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಐವತ್ತರ ದಶಕದ ಕೊನೆಯಲ್ಲಿ ನ್ಯಾಶ್‌ವಿಲ್‌ನವರು ಹಳ್ಳಿ ಶೈಲಿಯ ಪಿಟೀಲು, ಸ್ಟೀಲ್ ಗಿಟಾರು ಹಿಂದಕ್ಕೆ ಸರಿಸಿ ಮುಂದೆ ಕೋರಸ್ಸು, ನಯವಾದ ವಾದ್ಯವೃಂದ ತಂದು ಕೂರಿಸಿದರು. ಅದಕ್ಕೆ ನ್ಯಾಶ್‌ವಿಲ್ ಸೌಂಡ್ ಅಂತ ಹೆಸರು. ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಚೆಟ್ ಆಟ್ಕಿನ್ಸ್‌ನನ್ನು ಯಾರೋ, ನ್ಯಾಶ್‌ವಿಲ್ ಸೌಂಡ್ ಅಂದರೇನು ಅಂತ ಕೇಳಿದರಂತೆ. ಆತ ಜೇಬಿನಲ್ಲಿದ್ದ ಚಿಲ್ಲರೆ ಅಲ್ಲಾಡಿಸಿ, ಇದೇ ಅದರ ಸದ್ದು ಅಂದನಂತೆ. ಆವತ್ತೂ ಹಳಬರು ಬೈದರು. ಆವತ್ತು ಬೈಸಿಕೊಂಡ, ಗಾಯಕಿ ಪ್ಯಾಟ್ಸಿ ಕ್ಲೈನ್ ಕಾಲದ ಹಾಡುಗಳೇ ಇವತ್ತು ಶುದ್ಧ ಹಳೇ ಕಂಟ್ರಿ. 1962ರಲ್ಲಿ ಕರಿಯರ ಸೋಲ್ ಗಾಯಕ ರೇ ಚಾರ್ಲ್ಸ್ ಕಂಟ್ರಿ ಹಾಡುಗಳನ್ನು ತನ್ನ ದನಿಯಲ್ಲಿ ಹಾಡಿ ಎರಡು ಲೋಕಗಳನ್ನು ಬೆಸೆದ. ಕಂಟ್ರಿ ಸೋಲ್ ಅಂದ ತಕ್ಷಣ ಎಲ್ಲರೂ ಹೆಸರಿಸುವ ಆಲ್ಬಂ ಅದು. ಕೇಳಿ ನೋಡಿ, ಪಿಟೀಲು, ಕೋರಸ್ಸುಗಳ ಮಳೆ ಸುರಿದಿದೆ. ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅನ್ನುವ ಇಂಗ್ಲೆಂಡಿನ ಗಾಯಕಿ ಮೆಂಫಿಸ್‌ಗೆ ಹೋಗಿ ಮಾಡಿದ, ಊರಿನ ಹೆಸರನ್ನೇ ಹೊತ್ತ 1969ರ ಆಲ್ಬಮ್ಮಿನಲ್ಲಿ ವಾದ್ಯಗಳು ಮೆಂಫಿಸ್‌ನವು, ಹಾಡಿನ ದನಿ ಧ್ವನಿಮುದ್ರಣವಾದದ್ದು ನ್ಯೂಯಾರ್ಕಿನಲ್ಲಿ. ಮೆಂಫಿಸ್‌ನಲ್ಲಿ ಅವಳಿಗೆ ಹಾಡಲು ಹೆದರಿಕೆಯಾಯಿತು.

ಇವರೆಲ್ಲರಲ್ಲಿ ನನಗೆ ಜಾಣೆ ಅನಿಸುವುದು ಕಂಟ್ರಿ ಗಾಯಕಿ ಡಾಲಿ ಪಾರ್ಟನ್. 1977ರಲ್ಲಿ ಅವಳೊಂದು ಪಕ್ಕಾ ಪಾಪ್ ಹಾಡು ಹಾಡಿದಳು. ಹಾಡು ತಯಾರಾದ ಮೇಲೆ ನಿರ್ಮಾಪಕನ ಹತ್ತಿರ, ಇದಕ್ಕೊಂದು ಸ್ಟೀಲ್ ಗಿಟಾರ್ ಹಾಕು ಅಂತ ಹಟ ಹಿಡಿದಳು. ತಂತಿಯ ಮೇಲೆ ಲೋಹದ ಕಡ್ಡಿ ಜಾರಿಸಿ ಅಳುವ ಹಾಗೆ ನುಡಿಸುವ ವಾದ್ಯ ಅದು. ಕಂಟ್ರಿ ಹಾಡಿಗೆ ಕುಂಕುಮ ಇದ್ದ ಹಾಗೆ. ನಾಳೆ ಯಾರಾದರೂ ಡಾಲಿ ಊರು ಬಿಟ್ಟಳು ಅಂತ ಆಡಿಕೊಂಡರೆ, ಕೇಳಿ ಸ್ವಾಮಿ ಸ್ಟೀಲ್ ಗಿಟಾರ್ ಇದೆಯಲ್ಲ ಅಂತ ತೋರಿಸಲು ಒಂದು ಸಾಕ್ಷಿ ಇರಲಿ ಅಂತ. ಹಾಡು ದೊಡ್ಡ ಹಿಟ್ ಆಯಿತು. ಶನಾಯಾ ಟ್ವೇನ್ ಇದಕ್ಕಿಂತ ಮುಂದೆ ಹೋದಳು. 2002ರಲ್ಲಿ ಒಂದೇ ಆಲ್ಬಮ್ಮನ್ನು ಮೂರು ಥರ ಮಾಡಿದಳು. ಪಾಪ್ ಬೇಕಾದವರಿಗೆ ಕೆಂಪು ಸಿಡಿ, ಕಂಟ್ರಿ ಬೇಕಾದವರಿಗೆ ಹಸಿರು ಸಿಡಿ. ಹೊರದೇಶದವರಿಗೆ ನೀಲಿ ಸಿಡಿ, ಅದಕ್ಕೆ ನಮ್ಮ ಹಿಂದಿ ಸಿನಿಮಾ ಹಾಡಿನ ಒಗ್ಗರಣೆ. ಸಾದಾ, ಮಸಾಲೆ, ಸೆಟ್ ಅಂತ ಬೋರ್ಡ್ ಬರೆದ ಹಾಗೆ! ಯಾರೂ ಜಗಳ ಆಡುವ ಹಾಗೇ ಇಲ್ಲ.

ಶೆಲ್ಬಿಗೆ ಅಂಥ ಜಾಣತನ ಇರಲಿಲ್ಲ. ಡಾಲಿಯ ಹಾಗೆ ಸಾಕ್ಷಿಯನ್ನೂ ಇಟ್ಟುಕೊಳ್ಳಲಿಲ್ಲ, ಎರಡನೇ ಸಿಡಿಯನ್ನೂ ಕೊಡಲಿಲ್ಲ.

ಹಾಗಂತ ಆ ಆಲ್ಬಂ ಬಗ್ಗೆ ಬಂದ ಟೀಕೆಯೆಲ್ಲ ಮಡಿವಂತಿಕೆ ಅಂತ ನಾನು ಹೇಳುವುದಿಲ್ಲ. ಹೆಂಡತಿಯ ಎದುರು ಸೋತು ಕೂತ ಮೇಲೂ ನನಗೆ ಅನಿಸುವುದು ಇಷ್ಟು. ಅಲ್ಲಿ ಹಾಡುಗಳು ಕೆಟ್ಟದಾಗಿಲ್ಲ. ಆದರೆ ಎಲ್ಲಾ ಹಾಡಿಗೂ ಒಂದೇ ಸೈಜಿನ ಅಂಗಿ ಹೊಲಿಸಿದ್ದಾರೆ. ಪಲ್ಲವಿ ಬರುವ ಹೊತ್ತು ಗಡಿಯಾರದಂತೆ ಗೊತ್ತಾಗುತ್ತದೆ, ಬಂದಾಗ ಒಂದೇ ಥರ ದೀಪ ಹತ್ತುತ್ತದೆ. ಅವಳ ದನಿ ಸುಮ್ನೆ ನಿಂತರೂ ಸಾಕಿತ್ತು. ಅದರ ಸುತ್ತ ಕಾವಲಿಗೆ ಇಷ್ಟು ಜನ ಯಾಕೆ ಅನಿಸುತ್ತದೆ. ಅಜ್ಜಿ ಹೇಳಿದ ಹೊರಗಿನ ಕಲಾಯಿ.

ಇದೆಲ್ಲ ಒಂಬತ್ತು ಹಾಡಿನ ಮಾತು. ಹತ್ತನೆಯದಕ್ಕೆ ಬಂದರೆ ನನ್ನ ಬಾಯಿ ಕಟ್ಟಿಹೋಗುತ್ತದೆ.

ಆಲ್ಬಂ ಮುಗಿಯುವುದು ಅವಳದಲ್ಲದ ಹಾಡಿನಿಂದ. ಬೀಟಲ್ಸ್ ತಂಡದ ಜಾನ್ ಲೆನನ್ 1970ರಲ್ಲಿ ತನ್ನ ತಾಯಿಯ ಮೇಲೆ ಬರೆದ ಹಾಡು. ಲೆನನ್‌ನ ತಾಯಿ ಕಾರು ಡಿಕ್ಕಿ ಹೊಡೆದು ಸತ್ತಾಗ ಅವನಿಗೆ 17 ವರ್ಷ. ಆ ಹಾಡಿನ ಕೊನೆಯಲ್ಲಿ ಅವನು ಹಾಡುವುದಿಲ್ಲ, ಕಿರುಚುತ್ತಾನೆ. ಪಿಯಾನೋ, ಬೇಸ್ ಗಿಟಾರು, ಡ್ರಂ, ಅಷ್ಟೇ. ಅದನ್ನು ನಿರ್ಮಿಸಿದ ಮೂವರಲ್ಲಿ ಒಬ್ಬ ಫಿಲ್ ಸ್ಪೆಕ್ಟರ್. ವಾದ್ಯಗಳನ್ನು ಗೋಡೆಯ ಹಾಗೆ ಪೇರಿಸುವುದಕ್ಕೆ ಲೋಕದಲ್ಲೇ ಹೆಸರಾಗಿದ್ದವನು!

ಶೆಲ್ಬಿಗೂ ಆಗ 17 ವರ್ಷ. ತಂಗಿ ಆ್ಯಲಿಸನ್‌ಗೆ 14. 1986ರ ಆಗಸ್ಟ್‌ನಲ್ಲಿ ಅವರ ತಂದೆ, ಅವರ ತಾಯಿಯನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಸಂದರ್ಶನದಲ್ಲಿ ಯಾರಾದರೂ ಆ ಮಾತೆತ್ತಿದರೆ ಅವಳಿಗೆ ಹಿಡಿಸುತ್ತಿರಲಿಲ್ಲ. ತನ್ನದೇ ಹಾಡು ಬರೆದುಕೊಳ್ಳದೆ, ಇನ್ನೊಬ್ಬ ತಬ್ಬಲಿಯ ಹಾಡನ್ನು ಸಾಲ ತಂದು, ಆಲ್ಬಮ್ಮಿನ ತುದಿಯಲ್ಲಿ ಇಟ್ಟಳು.

ಅವತ್ತು ಪಾರ್ಕಿಂಗಿನಲ್ಲಿ ನಾವು ಹತ್ತನೇ ಹಾಡಿನವರೆಗೆ ಹೋಗಲೇ ಇಲ್ಲ. ನಾಲ್ಕಕ್ಕೇ ತೀರ್ಪು ಕೊಟ್ಟು ಮನೆಗೆ ಹೋಗಿ ಅನ್ನ ಸಾರು ಉಂಡಿದ್ದೆವು. ನಾನು ಕೊನೆಯವರೆಗೆ ಕೇಳಿದ್ದು ಎರಡು ತಿಂಗಳ ಮೇಲೆ, ಒಬ್ಬನೇ, ಬಟ್ಟೆ ಮಡಚುತ್ತಾ. ಅಷ್ಟು ಹೊತ್ತಿಗೆ ಅಭಿಪ್ರಾಯ ಗಟ್ಟಿಯಾಗಿಬಿಟ್ಟಿತ್ತು. ಗಟ್ಟಿಯಾದ ಅಭಿಪ್ರಾಯ ಬದಲಾಯಿಸಿಕೊಳ್ಳುವುದಕ್ಕಿಂತ ಆ ಒಂದು ಹಾಡನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಸುಲಭ.

ಆಲ್ಬಂ ಕಂಪನಿಯವರು ಅಂದುಕೊಂಡಷ್ಟು ಓಡಲಿಲ್ಲ. 2003ರಲ್ಲಿ ಶೆಲ್ಬಿ ಬೇರೆ ಕಂಪನಿಗೆ ಹೋಗಿ, ನಿರ್ಮಾಪಕರೇ ಬೇಡ ಅಂತ ತಾನೇ ನಿರ್ಮಿಸಿ ಸಾದಾ ಆಲ್ಬಂ ಮಾಡಿದಳು. ಹೆಸರು 'ಐಡೆಂಟಿಟಿ ಕ್ರೈಸಿಸ್'. ತನ್ನನ್ನು ತಾನೇ ಚುಡಾಯಿಸಿಕೊಳ್ಳುವುದು ಅವಳಿಗೆ ಮೊದಲಿನಿಂದಲೂ ಬರುತ್ತದೆ. 2008ರಲ್ಲಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಹಾಡುಗಳನ್ನು ಕೈಬೆರಳೆಣಿಕೆಯ ವಾದ್ಯದವರ ಜೊತೆ ಮೆಲ್ಲಗೆ ಹಾಡಿದಳು. ಈಗ ಆ ಆಲ್ಬಂ ದುಬಾರಿ ಸ್ಪೀಕರ್ ಪ್ರಿಯರಿಗೆ ಅಚ್ಚುಮೆಚ್ಚು. ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಸ್ಪೀಕರ್ ಅಂಗಡಿಗೆ ಸುಮ್ನೆ ಹೊಕ್ಕಿದ್ದೆ. ಹುಡುಗ ಅದೇ ಆಲ್ಬಂ ಹಾಕಿದ. ನನಗೆ ಊರಿನ ನೆಂಟರು ಸಿಕ್ಕಷ್ಟು ಖುಷಿ. ಇಪ್ಪತ್ತು ಸೆಕೆಂಡಿಗೆ ನಿಲ್ಲಿಸಿ, "ಡ್ರಂ ಎಷ್ಟು ಕ್ಲಿಯರ್ ಇದೆ ಕೇಳಿಸ್ತಾ ಸರ್?" ಅಂದ. ಹಾಡು ಪೂರ್ತಿ ಹಾಕಪ್ಪ ಅಂದೆ. ಇನ್ನೊಂದು ಜೋಡಿ ಸ್ಪೀಕರಿಗೆ ಬದಲಾಯಿಸಿ ಮತ್ತೆ ಅದೇ ಇಪ್ಪತ್ತು ಸೆಕೆಂಡು ಹಾಕಿದ.

ಆ ಭಾನುವಾರ ದೋಸೆ ಮುಗಿದ ಮೇಲೆ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ. ಅಮೆರಿಕದಿಂದ ತಂದ ಸಿಡಿಗಳನ್ನು ಎಂದೋ ಕಂಪ್ಯೂಟರಿಗೆ ಹಾಕಿಟ್ಟುಕೊಂಡಿದ್ದರಿಂದ ಆ ಡಬ್ಬಿಗಳನ್ನು ತೆಗೆಯುವ ಪ್ರಮೇಯವೇ ಬಂದಿರಲಿಲ್ಲ. 2002ರಲ್ಲಿ ನಾವು ಮನೆ ಖಾಲಿ ಮಾಡಿದಾಗ ಆಸ್ತಿ ಪಾಲಾಗಿತ್ತು. ಕುಕ್ಕರ್ ನನಗೆ, ರೈಸ್ ಕುಕ್ಕರ್ ಅವನಿಗೆ. ಒಳ್ಳೇ ಶೆಲ್ಬಿ ಅವನಿಗೆ, ಪಾಲಿಶ್ ಶೆಲ್ಬಿ ನನಗೆ. ಅದರಲ್ಲಿ ಅವನು ಚೌಕಾಸಿಗೂ ಅವಕಾಶ ಕೊಟ್ಟಿರಲಿಲ್ಲ.

'ಲವ್, ಶೆಲ್ಬಿ' ಡಬ್ಬಿ ಸಿಕ್ಕಿತು. ಮುಚ್ಚಳದ ಒಂದು ಕಿವಿ ಮುರಿದಿತ್ತು. ತೆಗೆದು ನೋಡಿದರೆ ಒಳಗಿದ್ದದ್ದು 'ಐ ಆ್ಯಮ್ ಶೆಲ್ಬಿ ಲಿನ್'.

ರೂಂಮೇಟು ಈಗ ಡಲ್ಲಾಸ್‌ನಲ್ಲಿದ್ದಾನೆ. ಅವನಿಗೆ ಇನ್ನೂ ಶನಿವಾರ ರಾತ್ರಿ. ಸಿಡಿಯ ಫೋಟೋ ತೆಗೆದು ಕಳಿಸಿದೆ. ಎರಡು ನಿಮಿಷಕ್ಕೆ ಫೋನೇ ಬಂತು.

"ನಿನ್ ಹತ್ರ ಇತ್ತಾ ಅದು?"

"ಹಂಗಾದ್ರೆ ನಿನ್ ಹತ್ರ ಇರೋದು ಯಾವ್ದು?"

ಆ ಕಡೆ ಟಿವಿಯ ಸದ್ದು, ಮಕ್ಕಳ ಸದ್ದು. ಅವನು ಎದ್ದು ಇನ್ನೊಂದು ಕೋಣೆಗೆ ಹೋದದ್ದು ಗೊತ್ತಾಯಿತು.

"ಡಲ್ಲಾಸ್‌ಗೆ ಬಂದ ದಿನಾನೇ ನೋಡ್ದೆ. ಕಳಿಸ್ಕೊಡೋಣ ಅಂದ್ಕೊಂಡೆ."

"ಮತ್ತೆ?"

"ಕಾರಲ್ಲೇ ಇತ್ತಲ್ಲ. ಇನ್ನೊಂದು ಸಲ ಕೇಳೋಣ ಅಂತ ಹಾಕ್ದೆ. ಆಮೇಲೆ ಹಂಗೇ ಉಳೀತು."

"ಸರಿ, ಡಿಸೆಂಬರ್‌ಗೆ ಬರ್ತೀಯಲ್ಲ, ತಗೊಂಡ್ ಬಾ. ಬದಲಾಯಿಸ್ಕೊಳ್ಳೋಣ."

"ಹ್ಞೂಂ," ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅದೂ ನೀನೇ ಇಟ್ಕೊಂಡಿರು. ಪರವಾಗಿಲ್ಲ," ಅಂದ.